ಹಿಂಬದಿ ಗಾಜಿನ ಮಂಜು ಮತ್ತು ಓಮ್‌ನ ನಿಯಮ



ದ್ವಿತೀಯ ಪಿಯುಸಿಯ ‘ವಿದ್ಯುತ್ ಪ್ರವಾಹ’ ಪಾಠ ಮುಗಿದಾಗ ನಾನು ಕೇಳುವ ಪ್ರಶ್ನೆ ಇದು: ಕಾರಿನ ಹಿಂಬದಿ ಗಾಜಿನ ಮೇಲಿರುವ ಅಡ್ಡ ಗೆರೆಗಳು ಯಾಕಿವೆ? ಅಲಂಕಾರಕ್ಕೆ ಎಂದು ಕೆಲವರು ಹೇಳುತ್ತಾರೆ. ಅಲ್ಲ, ಅದು ಡಿಫಾಗರ್. ಗಾಜನ್ನು ಬಿಸಿ ಮಾಡಿ ಮಂಜು ತೆಗೆಯುವ ಹೀಟರ್.

ಚಳಿಗಾಲದಲ್ಲಿ ಫಜ್ರ್ ನಮಾಜ್ ಮುಗಿಸಿ ಕುಡಚಿ, ಉಗಾರ, ಅಥಣಿ ಕಡೆಗೆ ಅಥವಾ ನಿಪ್ಪಾಣಿಯ ತವಂದಿ ಘಾಟಿನಲ್ಲಿ ಹೊರಟವರಿಗೆ ಇದರ ಬೆಲೆ ಗೊತ್ತು. ಅದೇ ತಿಂಗಳುಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳೂ ರಸ್ತೆಯಲ್ಲಿರುತ್ತವೆ. ಹಿಂದೆ ಏನು ಬರುತ್ತಿದೆ ಎಂದು ಕಾಣದೆ ಓವರ್‌ಟೇಕ್ ಮಾಡುವುದು ಜೀವಕ್ಕೆ ಅಪಾಯ.

ಮಂಜು ಕೂರುವುದೇಕೆ? ನಮ್ಮ ಉಸಿರಿನಲ್ಲಿ ನೀರಾವಿ ಇದೆ. ಗಾಜಿನ ತಾಪ ಇಬ್ಬನಿ ಬಿಂದುವಿಗಿಂತ ಕೆಳಗಿಳಿದರೆ ಆ ಆವಿ ಗಾಜಿನ ಒಳಮೈಮೇಲೆ ಹನಿಗಟ್ಟುತ್ತದೆ. ಗಾಜು ಬಿಸಿಯಾದರೆ ಹನಿ ಮತ್ತೆ ಆವಿಯಾಗುತ್ತದೆ.

ಜೋಡಣೆ ಹೇಗಿದೆ? ಬೆಳ್ಳಿ ಬೆರೆತ ಲೇಪದ ಈ ಗೆರೆಗಳು ಎಡ-ಬಲದ ಎರಡು ದಪ್ಪ ಪಟ್ಟಿಗಳ ನಡುವೆ ಸಮಾಂತರವಾಗಿ ಜೋಡಣೆಯಾಗಿವೆ. ಒಂದೊಂದು 12 ಓಮ್ ರೋಧದ 12 ಗೆರೆಗಳಿವೆ ಎಂದಿಟ್ಟುಕೊಳ್ಳೋಣ. ಒಟ್ಟು ರೋಧ 1 ಓಮ್. 12 ವೋಲ್ಟ್‌ಗೆ 12 ಆಂಪಿಯರ್ ಹರಿದು 144 ವ್ಯಾಟ್ ಶಾಖ ಬರುತ್ತದೆ. ಇವನ್ನೇ ಸರಣಿಯಲ್ಲಿ ಜೋಡಿಸಿದ್ದರೆ ರೋಧ 144 ಓಮ್, ಶಾಖ ಕೇವಲ 1 ವ್ಯಾಟ್. ಒಂದು ಗೆರೆ ತುಂಡಾದರೆ ಎಲ್ಲವೂ ಬಂದ್.

ದೋಷ ಹುಡುಕುವ ದಾರಿಯೂ ಇಲ್ಲೇ ಇದೆ. ಒಂದೇ ಗೆರೆಯ ಜಾಗದಲ್ಲಿ ಮಂಜು ಉಳಿದರೆ ಆ ಗೆರೆ ತುಂಡಾಗಿದೆ. ಇಡೀ ಗಾಜು ಮಂಜಾಗಿಯೇ ಇದ್ದರೆ ದೋಷ ಗೆರೆಗಳಿಗಿಂತ ಮೊದಲೇ, ಅಂದರೆ ಫ್ಯೂಸ್, ರಿಲೇ, ತಂತಿ ಅಥವಾ ಅರ್ಥಿಂಗ್‌ನಲ್ಲಿದೆ.

ಪರೀಕ್ಷೆ:

1. ಮೊದಲು ಫ್ಯೂಸ್ ನೋಡಿ. ಸುಟ್ಟಿದ್ದರೆ ಅದೇ ಆಂಪಿಯರ್‌ನದ್ದನ್ನೇ ಹಾಕಿ. ತಂತಿ ಸುತ್ತಿದರೆ, ದೊಡ್ಡ ಫ್ಯೂಸ್ ಹಾಕಿದರೆ ಬೆಂಕಿಯ ಭಯ.

2. ಎಂಜಿನ್ ಚಾಲೂ ಮಾಡಿ, ಡಿಫಾಗರ್ ಸ್ವಿಚ್ ಒತ್ತಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ತಂತಿಯನ್ನು ಕಾರಿನ ಬಣ್ಣವಿಲ್ಲದ ಲೋಹಕ್ಕೆ ಹಿಡಿಯಿರಿ. ಕೆಂಪು ತಂತಿಯಿಂದ ಎರಡೂ ಪಟ್ಟಿಗಳನ್ನು ಮುಟ್ಟಿ. ಒಂದು ಕಡೆ ಸುಮಾರು 12 ಅಥವಾ ಹೆಚ್ಚು, ಇನ್ನೊಂದು ಕಡೆ ಸೊನ್ನೆಯ ಹತ್ತಿರ ಇರಬೇಕು. ಎರಡೂ ಕಡೆ 12 ಬಂದರೆ ಅರ್ಥಿಂಗ್ ಕಡಿದಿದೆ. ಎರಡೂ ಕಡೆ ಸೊನ್ನೆ ಬಂದರೆ ವಿದ್ಯುತ್ ತಲುಪುತ್ತಿಲ್ಲ. ಡಿಕ್ಕಿ ಬಾಗಿಲು ಮಡಚುವಲ್ಲಿ ತಂತಿ ಮುರಿದಿರಬಹುದು.

3. ಕೆಂಪು ತುದಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಗೆರೆಗೆ ಗೀರು ಬೀಳದಂತೆ ಮೆಲ್ಲಗೆ ಜರುಗಿಸಿ. ಸರಿಯಿರುವ ಗೆರೆಯಲ್ಲಿ ವಿಭವ ಸಮನಾಗಿ ಇಳಿಯುತ್ತ ನಡುವೆ ಸುಮಾರು 6 ತೋರಿಸುತ್ತದೆ. ತುಂಡಾದ ಗೆರೆಯಲ್ಲಿ ಪ್ರವಾಹವಿಲ್ಲ, ಆದ್ದರಿಂದ ಇಳಿತವೂ ಇಲ್ಲ. ತುಂಡಿನ ಒಂದು ಬದಿ ಪೂರ್ತಿ 12, ಇನ್ನೊಂದು ಬದಿ ಪೂರ್ತಿ ಸೊನ್ನೆ. ಅಂಕಿ ಜಿಗಿದ ಜಾಗವೇ ತುಂಡಾದ ಜಾಗ.

ಆ ಜಾಗಕ್ಕೆ ವಿದ್ಯುತ್‌ವಾಹಕ ಬೆಳ್ಳಿ ಬಣ್ಣ ಹಚ್ಚಿ ಒಣಗಿಸಿದರೆ ಸಾಕು; ಗಾಜು ಬದಲಿಸಬೇಕಿಲ್ಲ. ಒಳಗಾಜನ್ನು ಬ್ಲೇಡಿನಿಂದ ಕೆರೆಯಬೇಡಿ. ಹತ್ತು-ಹದಿನೈದು ನಿಮಿಷಕ್ಕೆ ಡಿಫಾಗರ್ ತಾನಾಗಿ ಆರುವುದು ಅನೇಕ ಕಾರುಗಳಲ್ಲಿ ಸಹಜ, ದೋಷವಲ್ಲ.

ನಿಮಗೊಂದು ಲೆಕ್ಕ: ಮೇಲಿನ ಉದಾಹರಣೆಯಲ್ಲಿ ಎರಡು ಗೆರೆ ತುಂಡಾದರೆ ಒಟ್ಟು ಶಾಖ ಎಷ್ಟು ವ್ಯಾಟ್? ಉಳಿದ ಒಂದೊಂದು ಗೆರೆಯ ಶಾಖ ಬದಲಾಗುತ್ತದೆಯೇ? ಕಾರಣ ಸಹಿತ ಬರೆದು ತನ್ನಿ.