ಕಾಯಕವೂ ಕೂಲಿಯೂ

ಹೆಚ್ಚಾದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಪತಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನನ್ನು ಶರಣಬಂಧುಗಳು ಬಲ್ಲರು. ಸಲ್ಲಬೇಕಾದುದೇ ಸಲ್ಲದಿದ್ದರೆ ಕಾಯಕಜೀವಿಯು ಏನು ಮಾಡಬೇಕು?

ಪ್ರಾಚೀನ ಈಜಿಪ್ತದಲ್ಲಿ, ನೈಲ್ ನದಿಯ ಪಶ್ಚಿಮಕ್ಕೆ, ದೇರ್ ಎಲ್ ಮದೀನಾ ಎಂಬ ಗ್ರಾಮವಿದ್ದಿತು. ಅರಸರ ಸಮಾಧಿಗಳನ್ನು ಬಂಡೆಯಲ್ಲಿ ಕೊರೆದು ಚಿತ್ರಿಸುವ ಕುಶಲಕರ್ಮಿಗಳು ಅಲ್ಲಿ ಸಂಸಾರಸಮೇತ ನೆಲೆಸಿದ್ದರು. ನಾಣ್ಯವಿಲ್ಲದ ಕಾಲವದು, ಗೋದಿ, ಜವೆಗೋದಿಗಳೇ ಮಾಸಿಕ ವೇತನ. ಹಾಜರಿಯನ್ನು ಕಲ್ಲಿನ ಚಕ್ಕೆಯ ಮೇಲೆ ಬರೆದಿಡುತ್ತಿದ್ದರು. ಚೇಳು ಕುಟುಕಿ ಬಾರದವನ ಲೆಕ್ಕವೂ ಅದರಲ್ಲಿದೆ!

ಮೂರನೆಯ ರಾಮ್ಸೆಸನ ಆಳ್ವಿಕೆಯ 29ನೆಯ ವರ್ಷದಲ್ಲಿ, ಸುಮಾರು ಕ್ರಿ.ಪೂ. 1157ರಲ್ಲಿ, ಧಾನ್ಯವು ಬಾರದಿರಲು ಅವರು ಕೆಲಸ ಬಿಟ್ಟು ದೇವಾಲಯದ ಹಿಂದೆ ಹೋಗಿ ಕುಳಿತರು. ಹಸಿವು ಬಾಯಾರಿಕೆಗಳೇ ತಮ್ಮನ್ನು ಅಲ್ಲಿಗೆ ತಂದವೆಂದೂ, ಬಟ್ಟೆ, ಎಣ್ಣೆ, ಮೀನು, ಕಾಯಿಪಲ್ಯ ಒಂದೂ ಇಲ್ಲವೆಂದೂ ಅಧಿಕಾರಿಗಳಿಗೆ ಅರುಹಿದರು. ಇದನ್ನು ಕಾಯಕದ್ರೋಹವೆನ್ನಲು ನನಗೆ ಮನಸ್ಸೊಪ್ಪದು. ಈ ವೃತ್ತಾಂತವುಳ್ಳ ಪಪೈರಸ್ ಸುರುಳಿಯು ಇಟಲಿಯ ಟ್ಯೂರಿನ್ ನಗರದಲ್ಲಿದೆ. ಬಾಕಿ ಧಾನ್ಯವೇನೋ ದೊರೆಯಿತು. ಮುಂದೆ ಮತ್ತೆ ತಡವಾಯಿತು, ಅವರು ಮತ್ತೆ ಎದ್ದುಹೋದರು.