ಚಳಿಗಾಲದಲ್ಲಿ ಕಾಗದದ ಹೂವಿನ ಬಳ್ಳಿಯ ರಕ್ಷಣೆ

ಬ್ರೆಜಿಲ್ ಮೂಲದ ಕಾಗದದ ಹೂವಿನ ಬಳ್ಳಿಯು ಉಷ್ಣಪ್ರದೇಶದ್ದಾದುದರಿಂದ ಹೆಪ್ಪುಗಟ್ಟುವ ಇಬ್ಬನಿಯನ್ನು ತಾಳಲಾರದು. ಸುಮಾರು 7,300 ಅಡಿ ಎತ್ತರದ ಉದಕಮಂಡಲದಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಇಂತಹ ಇಬ್ಬನಿ ಬೀಳುವುದುಂಟು. ಆದಕಾರಣ ಅಂತಹ ಸ್ಥಳಗಳಲ್ಲಿ ತೋಟದ ಯಜಮಾನರು ಬಳ್ಳಿಯನ್ನು ಕುಂಡದಲ್ಲಿಯೇ ಬೆಳೆಸಿ, ಚಳಿಗೆ ಮುಂಚಿತವಾಗಿ ಬೆಳಕುಳ್ಳ ಕೊಠಡಿಗೆ ಸಾಗಿಸತಕ್ಕದ್ದು. ಅಲ್ಲಿನ ಉಷ್ಣಮಾನವು 7 ಡಿಗ್ರಿ ಸೆಂಟಿಗ್ರೇಡಿಗಿಂತ ಕಡಮೆಯಾಗದಿರುವುದು ಒಳ್ಳೆಯದು.

ಚಳಿಯಲ್ಲಿ ಎಲೆಗಳೆಲ್ಲ ಉದುರಬಹುದು. ಆಗ ಬಳ್ಳಿಯು ಸತ್ತಿತೆಂದು ಕಿತ್ತೆಸೆಯುವುದೂ, ಬಾಡಿತೆಂದು ದಿನವೂ ನೀರೆರೆಯುವುದೂ ತಪ್ಪು. ಎಲೆಯಿಲ್ಲದ ಬಳ್ಳಿಯು ಹೆಚ್ಚು ನೀರನ್ನು ಹೀರದು. ನಿಂತ ತೇವದಿಂದ ಬೇರು ಕೊಳೆಯುವುದು. ಮಣ್ಣು ಒಣಗಿದ ಮೇಲೆಯೇ ಸ್ವಲ್ಪ ನೀರು ಹಾಕಬೇಕು. ತೊಗಟೆಯನ್ನು ಉಗುರಿನಿಂದ ಕೆರೆದಾಗ ಹಸುರು ಕಂಡರೆ ಜೀವವಿದೆಯೆಂದು ತಿಳಿಯತಕ್ಕದ್ದು. ಚಳಿ ಕಳೆದ ತರುವಾಯ ಒಣಕಡ್ಡಿಗಳನ್ನು ಸವರಿ, ಗೊಬ್ಬರವಿತ್ತು, ಕ್ರಮೇಣ ಬಿಸಿಲಿಗೆ ಒಡ್ಡಿದರೆ ಬಳ್ಳಿಯು ಪುನಃ ಚಿಗುರಿ ಹೂಬಿಡುವುದು.