ಅಂಗಿ ಅಗಿಯುವ ಹುಡುಗ

ನಮ್ಮ ಸೀಮೆಯಲ್ಲಿ ಮುದ್ದೆಯನ್ನು ಅಗಿದರೆ ನಗುತ್ತಾರೆ. ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಬೇಕು. ಎರಡೂವರೆ ವರ್ಷದ ನನ್ನ ಮಗನಿಗೆ ಈ ಶಾಸ್ತ್ರ ಚೆನ್ನಾಗಿ ಗೊತ್ತಿತ್ತು. ಮುದ್ದೆಯೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಅಗಿಯುತ್ತಿದ್ದ. ಅಂಗಿಯ ಕಾಲರು, ಟವೆಲ್ಲಿನ ಅಂಚು, ಬಳಪ, ಚಪ್ಪಲಿಯ ಬಾರು, ತೆಂಗಿನ ನಾರು, ಒಂದೊಂದು ಸಲ ಹಿಡಿ ಮಣ್ಣು. ಮಾತು ಮಾತ್ರ ಇರಲಿಲ್ಲ. 'ಅಮ್ಮ' ಎಂಬ ಒಂದೇ ಶಬ್ದದಲ್ಲಿ ನೀರು, ಹಸಿವು, ನೋವು, ಎತ್ತಿಕೋ ಎಲ್ಲ ಮುಗಿಯುತ್ತಿತ್ತು. ನನ್ನನ್ನು ಕರೆಯುವುದೂ ಅದರಲ್ಲೇ.

ನಮ್ಮೂರು ಸಂಪಿಗೆಯಲ್ಲಿ ಸಲಹೆಗೆ ಬರವಿಲ್ಲ. "ಗಂಡುಹುಡುಗ ಕಣಣ್ಣ, ಮಾತು ತಡ" ಎಂದರು ಕಾಯಿ ಕೀಳಲು ಬಂದವರು. ಬಜೆ ತೇದು ನಾಲಿಗೆಗೆ ಸವರಿ ಎಂದರು ಅತ್ತೆ. ನಾಲಿಗೆ ಕೆಳಗಿನ ದಾರ ಕತ್ತರಿಸಿದರೆ ಮಾತು ಬಿಡುತ್ತದೆ ಎಂದರು ಇನ್ನೊಬ್ಬರು. ನಾಲಿಗೆಯ ದಾರ ಬಿಗಿಯಾಗಿದ್ದರೆ ಕೆಲವು ಅಕ್ಷರಗಳ ಉಚ್ಚಾರ ಕೆಡಬಹುದು, ಹಾಲು ಕುಡಿಯುವುದಕ್ಕೆ ತೊಡಕಾಗಬಹುದು. ಪದಗಳೇ ಬಾರದಿರುವುದಕ್ಕೆ ಅದು ಕಾರಣವಲ್ಲ. ಬಜೆಯ ಬೇರಿನಲ್ಲಿ ಬೀಟಾ-ಅಸರೋನ್ ಎಂಬ ವಿಷಕಾರಿ ಅಂಶವಿದೆ. ಸಣ್ಣ ಮಕ್ಕಳ ಬಾಯಿಗೆ ಅದು ಬೇಡ. ಅತ್ತೆಯವರ ಮನಸ್ಸು ನೋಯದಂತೆ ಅದನ್ನು ಹೇಳುವ ಕೆಲಸವನ್ನು ಡಾಕ್ಟರಿಗೇ ಬಿಟ್ಟೆ.

ಮೊದಲು ಆಗಬೇಕಾದ್ದು ಕಿವಿಯ ಪರೀಕ್ಷೆ. ಟ್ರ್ಯಾಕ್ಟರ್ ಸದ್ದಿಗೆ ಹೊರಗೆ ಓಡುತ್ತಾನಲ್ಲ, ಕಿವಿ ಸರಿಯಿದೆ ಎನ್ನುವುದು ಮನೆಮನೆಯ ಲೆಕ್ಕ. ಅದು ಸಾಲದು. ದಪ್ಪ ಸದ್ದು ಕೇಳಿಸುವ ಮಗುವಿಗೆ 'ಸ', 'ಶ'ದಂಥ ಸಣ್ಣ ಸದ್ದು ಕೇಳಿಸದಿರಬಹುದು. ಪದೇಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ನೀರು ನಿಂತು ಒಂದು ದಿನ ಕೇಳಿಸಿದ್ದು ಇನ್ನೊಂದು ದಿನ ಕೇಳಿಸದೆಯೂ ಇರಬಹುದು. ಓಎಇ, ಬೇರಾ ಎಂಬ ಪರೀಕ್ಷೆಗಳಿಗೆ ಮಗು ಉತ್ತರ ಕೊಡಬೇಕಿಲ್ಲ, ಮಲಗಿದ್ದರೂ ನಡೆಯುತ್ತದೆ. ಸಂಪಿಗೆ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ತುಮಕೂರಿಗೆ ಹೋಗಿ ಮಾಡಿಸಿದೆವು. ಕಿವಿ ಚೆನ್ನಾಗಿತ್ತು.

ಆಮೇಲೆ ರಕ್ತ. ಮಣ್ಣು, ಬಳಪ ತಿನ್ನುವ ಮಕ್ಕಳಲ್ಲಿ ಕಬ್ಬಿಣಾಂಶ ಕಡಿಮೆಯಿರುವುದು ಸಾಮಾನ್ಯ, ನಮ್ಮವನಿಗೂ ಕಡಿಮೆಯಿತ್ತು. ಡಾಕ್ಟರು ಬರೆದ ಸಿರಪ್ಪಿನಿಂದ ಮಣ್ಣು, ಬಳಪದ ಚಪಲ ಮೆಲ್ಲಗೆ ಬಿಟ್ಟಿತು. ಕಾಲರು ಅಗಿಯುವುದು ಬಿಡಲಿಲ್ಲ. ಎರಡೂ ಒಂದೇ ಕಾಯಿಲೆಯಲ್ಲ ಎಂದು ಆಗ ಖಾತ್ರಿಯಾಯಿತು.

ಅಗಿದಾಗ ದವಡೆಯ ಕೀಲಿಗೂ ಸ್ನಾಯುಗಳಿಗೂ ಬಲವಾದ ಒತ್ತಡ ಸಿಗುತ್ತದೆ, ಕೆಲವು ಮಕ್ಕಳನ್ನು ಅದು ಸಮಾಧಾನಪಡಿಸುತ್ತದೆ ಎಂದು ಆಕ್ಯುಪೇಷನಲ್ ಥೆರಪಿಸ್ಟ್ ವಿವರಿಸಿದರು. ಈ ವಿಚಾರಕ್ಕೆ ತಳಹದಿ ಹಾಕಿದವರು ಅಮೆರಿಕದ ಜೀನ್ ಏಯರ್ಸ್, 1972ರಲ್ಲಿ ಅವರ ಪುಸ್ತಕ ಬಂತು. ಚಿಕಿತ್ಸೆಯಿಂದ ಎಷ್ಟು ಫಲ ಎಂಬ ಬಗ್ಗೆ ಪಂಡಿತರಲ್ಲಿ ಇನ್ನೂ ವಾದವಿದೆ, ಇರಲಿ. ನನಗೆ ಕೆಲಸಕ್ಕೆ ಬಂದದ್ದು ಥೆರಪಿಸ್ಟರ ಒಂದು ಸರಳ ಮಾತು: ಬಿಡಿಸಲು ಹೋಗಬೇಡಿ, ಯಾವಾಗ ಅಗಿಯುತ್ತಾನೆ ನೋಡಿ.

ನೋಡಿದೆ. ಕೊಬ್ಬರಿ ಕೆಲಸದ ದಿನ ಅಟ್ಟದಿಂದ ಕಾಯಿ ಇಳಿಸಿ, ಸುಲಿದು, ಕರಟ ಒಡೆಯುವ ಸದ್ದಿಗೆ ಮನೆ ತುಂಬಿರುತ್ತದೆ. ಅವತ್ತು ಅವನ ಅಂಗಿ ಎದೆಯವರೆಗೆ ಒದ್ದೆ. ಮದುವೆ ಛತ್ರದಲ್ಲಿ ಓಲಗ ಶುರುವಾದರೆ ಮತ್ತೆ ಕಾಲರು ಬಾಯಿಗೆ. ಅಜ್ಜಿಯ ಜೊತೆ ತೋಟದಲ್ಲಿದ್ದಾಗ ಬಹಳ ಕಡಿಮೆ. ಹೀಗಾಗಿ ಗಲಾಟೆ ಆಗುವ ಮುಂಚೆಯೇ ಅವನ ಬಾಯಿಗೆ ಕೆಲಸ ಕೊಡತೊಡಗಿದೆವು. ಅಂಚು ಗರಿಗರಿಯಾದ ರಾಗಿ ರೊಟ್ಟಿ, ಉದ್ದುದ್ದ ಹೆಚ್ಚಿದ ಸೌತೆಕಾಯಿ, ಚಪಾತಿ. ಗಟ್ಟಿ ಮಜ್ಜಿಗೆಯನ್ನೂ ಎಳನೀರನ್ನೂ ಸ್ಟ್ರಾದಲ್ಲಿ ಹೀರುವುದು ಅವನಿಗೆ ಬಲು ಇಷ್ಟವಾಯಿತು. ಮಲಗುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ ಕೆನ್ನೆ, ದವಡೆ ಒತ್ತಿ ನೀವುತ್ತಿದ್ದೆ. ಅಗಿಯಲೆಂದೇ ಮಾಡಿದ ಸಿಲಿಕೋನ್ ಆಟಿಕೆಯನ್ನು ಅಂಗಿಗೆ ಸಿಕ್ಕಿಸಿದೆವು. ಕೊರಳಿಗೆ ದಾರದಲ್ಲಿ ನೇತುಹಾಕಿದರೆ ಬಿಗಿಯುವ ಭಯ. ಒಂದು ಎಚ್ಚರಿಕೆ ಮಾತ್ರ ನಮ್ಮ ಕಡೆಯವರಿಗೆ ಬೇಕೇ ಬೇಕು: ಕೊಬ್ಬರಿ ಮನೆತುಂಬ ಇದೆ ಎಂದು ಚಿಕ್ಕ ಮಕ್ಕಳಿಗೆ ಅದರ ಗಟ್ಟಿ ಚೂರು ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಏನು ಕೊಟ್ಟರೂ ಕೂರಿಸಿ, ಎದುರಿಗೇ ಇದ್ದು ಕೊಡಬೇಕು.

ಇದರಿಂದ ಕಾಲರು ಉಳಿಯಿತು, ಮಾತು ಬರಲಿಲ್ಲ. ಬರುವುದೂ ಇಲ್ಲ ಎಂದು ವಾಕ್ ಚಿಕಿತ್ಸಕಿ ಮೊದಲೇ ಹೇಳಿದ್ದರು. ತೆಂಗಿನ ಗರಿಯ ಪೀಪಿ ಊದಿಸಿದರೆ ಪೀಪಿ ಊದುವುದು ಬರುತ್ತದೆ. ಬಾಯಿಯ ವ್ಯಾಯಾಮದಿಂದಷ್ಟೇ ಮಾತು ಹುಟ್ಟುವುದಿಲ್ಲ. ಮಾತು ಬರುವುದು ಮಾತಿನಿಂದ. "ಇದೇನು? ಹೇಳು, ಹೇಳು" ಎಂಬ ಪರೀಕ್ಷೆಯೂ ನಿಲ್ಲಬೇಕು ಎಂದರು. ನೆಂಟರಿಗೆ ಇದನ್ನು ತಿಳಿಸುವುದು ಮಗನಿಗೆ ಕಲಿಸುವುದಕ್ಕಿಂತ ಕಷ್ಟವಾಯಿತು. ಮಾಡುವ ಕೆಲಸವನ್ನು ಚಿಕ್ಕ ಚಿಕ್ಕ ಮಾತಿನಲ್ಲಿ ಹೇಳುತ್ತಿರಿ, ಹೇಳಿ ಸುಮ್ಮನೆ ಕಾಯಿರಿ, ಸರದಿ ಅವನದಾಗಲಿ. ಕೈ ತೋರಿಸಿದರೂ ಅದು ಉತ್ತರವೇ, ಸನ್ನೆಯಿಂದ ಮಾತು ಹಿಂದೆ ಬೀಳುವುದಿಲ್ಲ.

ನಮ್ಮಪ್ಪ ಕಾಯಿ ಎಣಿಸುವಾಗ ಒಂದು ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ರಾಗವಾಗಿ ಎಣಿಸುತ್ತ ಹೋಗುತ್ತಾರೆ. ಅದೇ ನಮಗೆ ಸಿಕ್ಕ ಪಾಠ. ಲಾಭ, ಎರಡು ಎಂದು ಹೇಳಿ ಕಾಯನ್ನು ಕೈಯಲ್ಲೇ ಹಿಡಿದು ನಿಲ್ಲುವರು. ಮಗ ಅವರ ಮುಖ ನೋಡುವನು. ಬಹಳ ದಿನ ಬರೀ ನೋಟವೇ. ಒಂದು ಸಂಜೆ "ಮೂ" ಎಂದ. ಅಪ್ಪ ಏನೂ ಆಗದವರಂತೆ ಕಾಯಿ ಹಾಕಿ ನಾಲ್ಕಕ್ಕೆ ಹೋದರು. ಚಪ್ಪಾಳೆ ತಟ್ಟಿದ್ದರೆ ಬೆಚ್ಚಿ ಓಡುತ್ತಿದ್ದ. ಆಮೇಲೆ "ಆಕು", "ಎತ್ತು", "ತಾತ ಬಾ".

ದೂರ ಓಡಾಡುವ ಮುಂಚೆ ಹತ್ತಿರದ ದಾರಿ ತಿಳಿದಿರಲಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆ 2 ಸಲ ಅಂಗನವಾಡಿಗೆ ಬರಬೇಕು. ಬೆಳವಣಿಗೆಯ ತಡವೂ ಅವರು ನೋಡಬೇಕಾದ ಪಟ್ಟಿಯಲ್ಲಿದೆ. ತಂಡ ಬಂದ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ದೂರ ಹೋಗಲೇಬೇಕಾದರೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡರ ತಪಾಸಣೆಯೂ ಒಂದೇ ಕಡೆ ಆಗುತ್ತದೆ, ತಂದೆತಾಯಿಗೂ ತರಬೇತಿ ಕೊಡುತ್ತಾರೆ.

ಮಗನಿಗೆ ಈಗ ನಾಲ್ಕು ದಾಟಿದೆ. ಮೂರು ಪದ ಕೂಡಿಸುತ್ತಾನೆ, ಹೊರಗಿನವರಿಗೆ ಅರ್ಧ ಅರ್ಥವಾಗುತ್ತದೆ. ಛತ್ರದಲ್ಲಿ ಇಂದಿಗೂ ಕಾಲರು ಅಗಿಯುತ್ತಾನೆ, ಅಗಿಯಲಿ. ನಿಮ್ಮ ಮಗು ಎರಡು ವರ್ಷ ತುಂಬಿಯೂ "ನೀರು ಕೊಡು" ಎಂಬಂತೆ ಎರಡು ಪದ ಜೋಡಿಸದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬರುತ್ತಿದ್ದ ಮಾತು ನಿಂತುಹೋಗಿದ್ದರೆ, ಮುಂದಿನ ಕೊಬ್ಬರಿ ಮಾರಿದ ಮೇಲೆ ನೋಡೋಣ ಎನ್ನಬೇಡಿ. ಈ ವಾರವೇ ಕಿವಿ ಪರೀಕ್ಷೆ ಮಾಡಿಸಿ.